ಅವಸರದ ಸನ್ಮಾನ

ಕಳೆದ ಭಾನುವಾರ ಮುಂಬೈನ ವಡಾಲದಲ್ಲಿ, ಒಂದು ಚಾಳಿನ ಪುಟ್ಟ ಮನೆಯಲ್ಲಿ ನನ್ನದೇ ಅಂಕಣ ಗೋಡೆಯ ಮೇಲೆ ನೇತಾಡುವುದನ್ನು ಕಂಡೆ. ಲ್ಯಾಮಿನೇಟ್ ಮಾಡಿಸಿ, ಫ್ರೇಮ್ ಹಾಕಿಸಿ! ಬರೆಯುವವನಿಗೆ ಇದಕ್ಕಿಂತ ಖುಷಿ ಬೇಕೆ? ಆದರೆ ನನಗೆ ಅದನ್ನು ಕಿತ್ತು ಎಲ್ಲಾದರೂ ಬಚ್ಚಿಡಬೇಕು ಅನ್ನಿಸಿತು.

ಆ ಅಂಕಣ ನಿಮಗೂ ನೆನಪಿರಬಹುದು. ಲಾಲಸಾಬನ ಕಥೆ. ವಿಜಯಪುರ ಕಡೆಯ ಟೈಲ್ಸ್ ಮಿಸ್ತ್ರಿ, ಮಲಾಡಿನ ನಮ್ಮ ಬಾತ್‌ರೂಮಿಗೆ ಟೈಲ್ಸ್ ಕೂರಿಸಿದವನು. ಅವನಿಗೆ ಗುದನಾಳದ ಕ್ಯಾನ್ಸರ್ ಆಗಿತ್ತು. (ಹೆಸರು ಹೇಳಲು ನಾಚಿಕೊಂಡು ಎಲ್ಲರ ಮುಂದೆ ‘ಹೊಟ್ಟೆ ಕ್ಯಾನ್ಸರ್’ ಅನ್ನುತ್ತಿದ್ದೆವು.) ಗಡ್ಡೆ ತೀರಾ ಕೆಳಗಿತ್ತು. ಆಪರೇಷನ್ ಆದರೆ ಮಲದ ದಾರಿಯನ್ನೇ ಮುಚ್ಚಿ, ಬದುಕಿರುವಷ್ಟು ದಿನ ಹೊಟ್ಟೆಗೆ ಚೀಲ. ದಿನವಿಡೀ ಕುಕ್ಕರಗಾಲಲ್ಲಿ ಕೂತು ದುಡಿಯುವವನು ಇದನ್ನು ಕೇಳಿ ಕುಸಿದುಹೋದ.

ಡಾಕ್ಟರಮ್ಮ ಮೊದಲು ರೇಡಿಯೇಷನ್, ಕೀಮೋ ಕೊಟ್ಟರು. ಕೆಲವು ತಿಂಗಳ ಮೇಲೆ ಸ್ಕ್ಯಾನ್ ಮಾಡಿಸಿ, ಕ್ಯಾಮೆರಾ ಹಾಕಿ ನೋಡಿದರೆ ಗಡ್ಡೆಯೇ ಕಾಣಲಿಲ್ಲ! ‘ಸದ್ಯಕ್ಕೆ ಆಪರೇಷನ್ ಬೇಡ. ಆದರೆ ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕು. ಕೆಲವರಿಗೆ ಮತ್ತೆ ಬೆಳೆಯುತ್ತದೆ, ಬೇಗ ಕಂಡರೆ ತೆಗೆಯಬಹುದು’ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಅವನ ಜೊತೆಗೆ ಹೋಗಿದ್ದ ನಾನು ಪಕ್ಕದಲ್ಲೇ ಇದ್ದೆ.

ನನ್ನ ತಲೆಗೆ ಹೋದದ್ದು ಮೊದಲ ವಾಕ್ಯ ಮಾತ್ರ. ಮನೆಗೆ ಬಂದವನೇ ‘ಚಾಕು ಮುಟ್ಟದೆ ಗೆದ್ದವನು’ ಅಂತ ಬರೆದೆ. ನೀವೂ ಮೆಚ್ಚಿಕೊಂಡಿರಿ.

ಇನ್ನು ಕನ್ನಡ ಸಂಘದವರು ಸುಮ್ಮನಿರುತ್ತಾರೆಯೇ? ನಮ್ಮ ಮುಂಬೈ ಕನ್ನಡಿಗರಿಗೆ ಸನ್ಮಾನಕ್ಕೆ ಒಬ್ಬರು ಸಿಕ್ಕರೆ ಸಾಕು. ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಹಿಂದೆ ‘ಕ್ಯಾನ್ಸರ್ ಗೆದ್ದ ವೀರ’ ಎಂಬ ಬ್ಯಾನರ್. (ಅಧ್ಯಕ್ಷರ ಭಾಷಣ ಮುಗಿಯುವಷ್ಟರಲ್ಲಿ ಊಟ ತಣ್ಣಗಾಗಿತ್ತು.) ಲಾಲಸಾಬ್ ಮೈಕ್ ಹಿಡಿದು ಅತ್ತ. ನಾನೂ ಅತ್ತೆ.

ಅಷ್ಟರಲ್ಲಿ ಮೊದಲ ಚೆಕಪ್ ಮುಗಿದಿತ್ತು, ಎಲ್ಲ ಸರಿಯಿತ್ತು. ಎರಡನೆಯದಕ್ಕೆ ಅವನು ಹೋಗಲಿಲ್ಲ. ಮೂರನೆಯದಕ್ಕೂ ಇಲ್ಲ. ಮತ್ತೆ ರಕ್ತ ಹೋಗತೊಡಗಿದಾಗ ಮೂಲವ್ಯಾಧಿ ಇರಬೇಕು ಅಂತ ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡನಂತೆ. ಹೆಂಡತಿ ರೆಹಾನಾ ಜಗಳವಾಡಿ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಗಡ್ಡೆ ಬೆಳೆದಿತ್ತು. ಲಿವರಿನಲ್ಲೂ ಚುಕ್ಕೆ ಕಂಡಿದೆ. ಈಗ ಚೀಲದ ಮಾತಷ್ಟೇ ಅಲ್ಲ, ಜೀವದ ಮಾತು.

ಚಿಕಿತ್ಸೆಯನ್ನು ದೂರಬೇಡಿ. ಆಪರೇಷನ್ ಇಲ್ಲದೆ ವರ್ಷಗಟ್ಟಲೆ ಚೆನ್ನಾಗಿರುವವರು ಅದೇ ಡಾಕ್ಟರಮ್ಮನ ಹತ್ತಿರ ಇದ್ದಾರೆ. ಡಾಕ್ಟರಮ್ಮ ಕರೆದಾಗಲೆಲ್ಲ ಅವರು ಹೋಗಿ ಲೈನಿನಲ್ಲಿ ನಿಲ್ಲುತ್ತಾರೆ. ಮತ್ತೆ ಬೆಳೆದರೂ ಬೇಗ ಗೊತ್ತಾಗುತ್ತದೆ.

“ಯಾಕೆ ಹೋಗಲಿಲ್ಲ ಮಾರಾಯಾ?” ಎಂದು ಭಾನುವಾರ ಚಾಳಿನ ಅವನ ಮನೆಯಲ್ಲಿ ಕೇಳಿದೆ. ಸಿಟ್ಟೂ ಬಂದಿತ್ತು.

“ಹೆಂಗ ಹೋಗ್ಲಿ ಸಾಹೇಬ್ರ? ಆ ಲೈನಿನ್ಯಾಗ ನಮ್ಮ ಕಡೀ ಮಂದಿ ಇರ್ತಾರ. ಶಾಲು ಹೊಚ್ಚಿಸ್ಕೊಂಡಾಂವ ಮತ್ತ ಇಲ್ಲ್ಯಾಕ ಬಂದಾನ ಅಂತಿದ್ರು” ಎಂದ. ಗೋಡೆಯ ಫ್ರೇಮಿನತ್ತ ಕೈ ತೋರಿಸಿ, “ಮ್ಯಾಲ ನೀವು ಪೇಪರಿನ್ಯಾಗ ಬರದಿದ್ರಿ. ನಿಮ್ಮ ಮಾತು ಸುಳ್ಳಾಗ್ತಿತ್ತಲ್ರೀ” ಎಂದ.

ನನ್ನ ಮಾನ ಉಳಿಸಲು ಹೊರಟಿದ್ದನಂತೆ! ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಚಹಾ ತಂದಿಟ್ಟ ರೆಹಾನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಭಾಯಿಸಾಬ್, ನೀವು ಫೋನ್ ಮಾಡ್ದಾಗೆಲ್ಲಾ ನಮ್ಮ ಹೀರೋ ಹೆಂಗದಾನ ಅಂತಿದ್ರಿ. ಚೆಕಪ್ಪಿಗೆ ಹೋಗ್ಯಾನೇನು ಅಂತ ಒಮ್ಮಿನೂ ಕೇಳ್ಲಿಲ್ಲ” ಎಂದಳು.

ಡಾಕ್ಟರಮ್ಮನೇ ಆಡದ ‘ಗುಣವಾಯಿತು’ ಎಂಬ ಮಾತನ್ನು ಊರಿಗೆಲ್ಲ ಸಾರಲು ನಾನ್ಯಾರು?