ಪಾಪಕ್ಕ ನಿವಾಳಿಸಿದ ಭಯ

ಮೈಸೂರು ಮೈನ್ಸ್‌ ಚಿನ್ನದ ಗಣಿಯ ಕೂಲಿಕಾರರ ಮನೆಸಾಲಿನಲ್ಲಿ, ಅವರ ಮಾತಿನಲ್ಲಿ 'ಲೈನಿ'ನಲ್ಲಿ, ಯಾರ ಮಗು ನಿದ್ದೆಯಲ್ಲಿ ಬೆಚ್ಚಿಬಿದ್ದರೂ ಕರೆ ಬರುತ್ತಿದ್ದುದು ಪಾಪಕ್ಕನಿಗೆ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಒಲೆಗೆ ಹಾಕಿದಳೆಂದರೆ ಮಗು ಸರಿಹೋಯಿತೆಂದೇ ಲೆಕ್ಕ. ತನ್ನ ಕೈಗುಣದ ಬಗ್ಗೆ ಅವಳಿಗೆ ಕೊಂಚ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡಲು ಬೇರೇನಿತ್ತು ಅವಳ ಹತ್ತಿರ!

ಹೊಟ್ಟೆಪಾಡಿಗೆ ರಾಬರ್ಟ್‌ಸನ್‌ಪೇಟೆಯ ಒಂದು ಚರ್ಚಿನಲ್ಲಿ ಕಸ ಗುಡಿಸುತ್ತಿದ್ದಳು. ಮಗಳು ಕಲಾಳನ್ನು ಅಲ್ಲಿಯೇ ಟ್ಯೂಷನ್‌ಗೆ ಸೇರಿಸಿದ್ದಳು. ಹುಡುಗಿಗೆ ಆಗ ಹತ್ತು ವರ್ಷ. ಒಂದು ಸಂಜೆ ಅಮ್ಮನ ಸೆರಗು ಹಿಡಿದು, "ಓಗಲ್ಲಮ್ಮ. ಮೇಷ್ಟ್ರು ಮುಟ್ತಾರೆ, ಎದ್ರಿಕೆ ಆಯ್ತದೆ" ಎಂದಿತು. ತಲೆ ಮುಟ್ಟಿ ಪ್ರಾರ್ಥನೆ ಮಾಡುವುದನ್ನು ಪಾಪಕ್ಕ ಅಲ್ಲಿ ದಿನಾ ನೋಡಿದ್ದಳು. ಮುಟ್ಟುತ್ತಾರೆ ಎಂಬ ಮಾತು ಅವಳ ಮನಸ್ಸಿಗೆ ಇಳಿಯಲೇ ಇಲ್ಲ, ಹೆದರಿಕೆ ಎಂಬುದಷ್ಟೇ ಇಳಿಯಿತು. ಹೆದರಿಕೆಗೆ ಅವಳಲ್ಲಿ ಮದ್ದಿತ್ತಲ್ಲ! ದೃಷ್ಟಿ ತೆಗೆದಳು. ಮಾರನೆಯ ದಿನ ತಾನೇ ಕೈ ಹಿಡಿದು ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಕಲಾ ಮತ್ತೆ ಆ ಮಾತು ಎತ್ತಲಿಲ್ಲ. ವಾಸಿಯಾಯಿತು ಎಂದುಕೊಂಡಳು ಪಾಪಕ್ಕ, ಹುಚ್ಚಿ.

ಕಲಾ ಈಗ ಬಂಗಾರಪೇಟೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅವಳ ಮಗಳು ನವ್ಯಳನ್ನು ಬೇಸಿಗೆ ರಜೆಗೆ ಕಳಿಸು ಎಂದು ಪಾಪಕ್ಕ ವರ್ಷ ವರ್ಷವೂ ಗೋಗರೆಯುವಳು. ಕಲಾ ಏನಾದರೊಂದು ನೆಪ ಹೇಳುವಳು. ಅಳಿಯನಿಗೆ ಧಿಮಾಕು ಎಂದು ಪಾಪಕ್ಕ ಕಂಡಕಂಡವರ ಮುಂದೆ ಬೈದುಕೊಂಡು ತಿರುಗಿದಳು.

ಈ ವರ್ಷ ಚರ್ಚಿಗೆ ಬಂದ ಹೊಸ ಪಾಸ್ಟರು ಕೆಲಸದವರನ್ನೆಲ್ಲ ಕೂರಿಸಿ ಮಕ್ಕಳ ರಕ್ಷಣೆಯ ಮಾತಾಡಿದರು. ಮಗು ಒಬ್ಬರ ಹತ್ತಿರ ಹೋಗಲು ಹೆದರಿದರೆ ಸಮಾಧಾನ ಮಾಡಿ ಕಳಿಸಬೇಡಿ, ಏನಾಯಿತು ಅಂತ ಕೇಳಿ, ಅದು ಹೇಳಿದ್ದನ್ನು ನಂಬಿ ಎಂದರು. ಆ ಮೇಷ್ಟರೂ ಮುಂದಿನ ಸಾಲಿನಲ್ಲೇ ತಲೆದೂಗುತ್ತಾ ಕೂತಿದ್ದರು. ಅಂದು ಮನಸ್ಸಿಗೆ ಇಳಿಯದ ಮಾತು ಪಾಪಕ್ಕನಿಗೆ ಈಗ ಇಳಿಯಿತು.

ಮರುದಿನವೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಮಗಳ ಮನೆಗೆ ಹೋದಳು.

"ಕಲಾ, ಆ ಮೇಷ್ಟ್ರು ನಿನ್ನ..."

"ಆವತ್ತೇ ಯೋಳಿದ್ನಲ್ಲಮ್ಮ. ನೀನೇ ಕೈ ಇಡ್ಕೊಂಡು ಬಿಟ್ ಬಂದೆ."

ಪಾಪಕ್ಕ ಎದೆ ಎದೆ ಬಡಿದುಕೊಂಡು ಅತ್ತಳು. ಅತ್ತರೆ ಏನು ಬಂತು?

"ಅವ್ನು ಇನ್ನೂ ಅಲ್ಲೇ ಅವ್ನೆ. ಪಾಸ್ಟ್ರಿಗೆ, ಪೊಲೀಸ್ರಿಗೆ ಯೋಳೋಣ ಬಾ" ಎಂದಳು ಕಣ್ಣೊರೆಸಿಕೊಂಡು.

"ಬತ್ತೀನಿ. ಅಲ್ಲಿ ಬೇರೆ ಮಕ್ಳವ್ರೆ."

ಕಲಾ ಸೀರೆ ಬದಲಿಸಿ ಬಂದಾಗ ಪಾಪಕ್ಕ ಮೆಲ್ಲಗೆ ಕೇಳಿದಳು: "ಅವನ ಎದ್ರಿಕೆಗೇನಾ ನವ್ಯನ್ನ ನನ್ತಾವ ಕಳಿಸ್ದೇ ಇದ್ದಿದ್ದು?"

"ಅವನ ಎದ್ರಿಕೆ ಅಲ್ಲಮ್ಮ," ಎಂದಳು ಕಲಾ. "ಅವಳಿಗೆ ಅಲ್ಲಿ ಏನಾದ್ರೂ ಆಗಿದ್ರೆ, ಬಂದು ನಿನಗೇ ಯೋಳ್ಬೇಕಾಗಿತ್ತಲ್ಲ."