ಹಿಂದೆ ನಿಂತು ಕೈ ತೋರಿದವಳು

ಚಳಿ ಬಿತ್ತೆಂದರೆ ದಕ್ಷಿಣದ ಮುದುಕ ಮುದುಕಿಯರು ಕಾರಿನ ಬೆನ್ನಿಗೆ ಮನೆ ಕಟ್ಟಿಕೊಂಡು ದೇಶದ ಉತ್ತರ ತುದಿಯ ಬೆಚ್ಚನೆ ಸೀಮೆ ನಮ್ಮ ಕಿಂಬರ್ಲಿ ಕಡೆ ಹೊರಟೇಬಿಡುತ್ತಾರೆ. ನಾನು ಅಡುಗೆ ಮಾಡುವ ಪೆಟ್ರೋಲ್ ಬಂಕ್ ಹೋಟೆಲಿನ ಹಿಂದಿನ ಬಯಲಲ್ಲಿ ತಂಗುತ್ತಾರೆ. ಹಾಗೆ ಬರುವವಳು ಲೋರ್ನಾ ಪ್ಯಾಸ್ಕೋ.

ದಕ್ಷಿಣದ ಬೆಂಡಿಗೋ ಊರಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಬೇಯಿಸಿ ಬೇಯಿಸಿ ಸವೆದ ಹೆಂಗಸು. ಅವಳು ಕೆಲಸ ಬಿಟ್ಟ ವರ್ಷವೇ ಗಂಡ ಡೆಸ್ ಮನೆ ಮಾರಿ, ಕಾರಿಗೆ ಕಟ್ಟಿ ಎಳೆಯುವ ಗಾಲಿಮನೆ, ಕಾರವಾನ್ ಕೊಂಡ. ಒಂದು ಸುತ್ತು ಹಾಕಿ ಬರೋಣ ಅಂದಿದ್ದ. ಆ ಸುತ್ತು ಮುಗಿಯಲೇ ಇಲ್ಲ. ಪ್ರತಿ ಸಲ ನನ್ನ ಅಡುಗೆಮನೆ ಮೆಟ್ಟಿಲ ಮೇಲೆ ಕೂತು, ಶೂ ಒಳಗಿನ ಕೆಂಪು ಮಣ್ಣು ಕೊಡವುತ್ತ ಹೇಳುವಳು, "ಅಲುಗಾಡದ ನೆಲದ ಮೇಲೊಂದು ಮಂಚ ಇದ್ರೆ ಸಾಕು ಕಣೇ. ಇವನಿಗೆ ಹೇಳೋಕೆ ಬಾಯಿ ಬರಲ್ಲ."

ಸಂಜೆ ಬಿಯರ್ ಹಿಡಿದು ಕುರ್ಚಿ ಹಾಕಿ ಕೂತವರಿಗೆ, ಹೊಸಬರು ಕಾರವಾನನ್ನು ಹಿಂದಕ್ಕೆ ಹೊಡೆದು ನಿಲ್ಲಿಸುವುದನ್ನು ನೋಡುವುದೇ ನಾಟಕ. ಗಂಡ ಸ್ಟೇರಿಂಗ್ ಹಿಡಿಯಬೇಕು, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡಬೇಕು. ಬಾಯಿಬಿಟ್ಟು ಕೂಗಿದರೆ ಇಬ್ಬರ ಮರ್ಯಾದೆಯೂ ಹೋದಂತೆ. ಲೋರ್ನಾ ಒಮ್ಮೆಯೂ ಕೂಗಿದವಳಲ್ಲ.

ಈ ಸಲ ಅವಳು ಎಡಕ್ಕೆ ಕೈ ಬೀಸಿದರೆ ಗಾಡಿ ಬಲಕ್ಕೆ ಬಂತು. ಎರಡೂ ಕೈ ಎತ್ತಿ ತಡೆದರೂ ನಿಲ್ಲಲಿಲ್ಲ. ನಲ್ಲಿ ಕಂಬ ಮುರಿದು ನೀರು ಚಿಮ್ಮಿತು.

"ಏನಮ್ಮಾ ಲೋರ್ನಾ, ನೊಣ ಓಡಿಸ್ತಿದ್ಯಾ?" ಅಂದ ಪಕ್ಕದ ಗಾಡಿಯ ಕೀತ್. ಕುರ್ಚಿಗಳೆಲ್ಲ ನಕ್ಕವು.

"ನಂದೇ ತಪ್ಪು ಕಣಪ್ಪ. ಎಡ ಬಲ ಮರೆತೋಯ್ತು," ಅಂದಳು, ತೊಟ್ಟಿಕ್ಕುತ್ತಾ.

ನಾನು ನೀರು ನಿಲ್ಲಿಸಲು ಬಗ್ಗಿದ್ದೆ. ಡೆಸ್ ಇಳಿದು ಬಂದು ಮೆಲ್ಲಗೆ ಕೇಳಿದ, "ಯಾಕೆ ಸುಳ್ಳು ಹೇಳ್ದೆ?"

"ಮತ್ತೇನ್ ಹೇಳ್ಲಿ? ನನ್ನ ಕೈ ನಿಂಗೆ ಕಾಣಿಸ್ಲೇ ಇಲ್ಲ ಅಂತ ಆ ಕೀತ್ ಮುಂದೆ ಹೇಳ್ಲಾ?"

ಡೆಸ್ ಟೋಪಿ ತೆಗೆದು ಕಣ್ಣುಜ್ಜಿಕೊಂಡ. "ಕ್ಯಾಥರೀನ್ ಊರು ದಾಟಿದಾಗಿಂದ ಕಣ್ಣಿನ ನಟ್ಟನಡುವೆ ಒಂದು ಮಬ್ಬು. ಮುಂದಿನ ಗಾಡಿ ಧೂಳು ನೋಡ್ಕೊಂಡು ಹೊಡೀತಿದ್ದೆ."

"ನಾನು ಪಕ್ಕದಲ್ಲಿ ನಿದ್ದೆ ಮಾಡ್ತಿದ್ದೆನಲ್ಲೋ."

"ನೀನು ಎದ್ದಿದ್ರೆ ನಿಲ್ಸು ಅಂತಿದ್ದೆ. ನಿಲ್ಸಿ ಎಲ್ಲಿಗೆ ಹೋಗೋದು? ಮನೆ ಮಾರಿದವನು ನಾನೇ."

ಮರುದಿನ ಬೆಳಿಗ್ಗೆ ಡೆಸ್ ಎಡಗಡೆ ಬಾಗಿಲಿಂದ ಹತ್ತಿ ಪಕ್ಕದ ಸೀಟಲ್ಲಿ ಕೂತ. ಕಾರವಾನ್ ಕಟ್ಟಿದ ಕಾರನ್ನು ಯಾವತ್ತೂ ಓಡಿಸದ ಲೋರ್ನಾ ಸ್ಟೇರಿಂಗಿಗೆ ಕೂತಳು.

"ಏನ್ ಡೆಸ್, ಯಜಮಾನಿ ಹತ್ರ ಸೋತ್ಯಾ?" ಕೀತ್ ಬಿಡಲಿಲ್ಲ.

"ನಂಗೂ ಒಂದ್ಸಲ ನಿದ್ದೆ ಮಾಡ್ಬೇಕು ಅನ್ನಿಸ್ತು ಮಾರಾಯ."

ನಾನು ಗೇಟು ತೆಗೆದೆ. ಎಡಕ್ಕೆ ಮಣ್ಣಿನ ರಸ್ತೆ, ಡೆಸ್ ನೋಡಬೇಕೆಂದಿದ್ದ ಜಲಪಾತಗಳ ಕಡೆಗೆ. ಬಲಕ್ಕೆ ಆಸ್ಪತ್ರೆಯಿರುವ ಪಟ್ಟಣ ಡರ್ಬಿ. ಲೋರ್ನಾ ಅಲ್ಲೇ ನಿಲ್ಲಿಸಿದಳು.

"ಎಡಕ್ಕಲ್ವಾ?" ಅಂದ ಡೆಸ್.

"ನಂಗೆ ಸಾಕಾಗಿದೆ, ಡೆಸ್. ಡರ್ಬಿಗೆ ಹೋಗೋಣ. ಕಣ್ಣು ತೋರಿಸೋಣ. ಒಂದು ಬಾಡಿಗೆ ಮನೆ ನೋಡ್ತೀನಿ. ಇನ್ನು ಮುಂದಕ್ಕೆ ನನ್ನ ಕೈಲಿ ಆಗಲ್ಲ."

ಅವನು ತನಗೆ ಸರಿಯಾಗಿ ಕಾಣದ ಆ ಎಡಗಡೆ ರಸ್ತೆಯತ್ತ ಮುಖ ತಿರುಗಿಸಿದ.

"ಹಾಗಾದ್ರೆ ಟೈರಿಗೆ ಗಾಳಿ ತುಂಬಿಸ್ಕೋ," ಅಂದ. "ಮಣ್ಣಿನ ರಸ್ತೆಗೆ ಅಂತ ಗಾಳಿ ಇಳಿಸಿದ್ದು. ಬಲಗಡೆ ಪೂರ್ತಿ ಡಾಂಬರು."

ಗಾಳಿಯ ಕೊಳವೆ ಎಳೆದು ತಂದು ಒಂದೊಂದೇ ಟೈರಿಗೆ ನಾನೇ ಹಿಡಿದೆ. ಅಷ್ಟು ಹೊತ್ತೂ ಲೋರ್ನಾ ಸ್ಟೇರಿಂಗ್ ಮೇಲೆ ಹಣೆಯೂರಿ ಕೂತಿದ್ದಳು. ಆಮೇಲೆ ಬಲಕ್ಕೆ ತಿರುಗಿಸಿದಳು.