ಪೇಸ್ಟಿನ ಆಯಿ

ಆಯಿಯ ಬಲಗೈ ಬೆರಳ ಸಂದಿಗಳಲ್ಲಿ ಚರ್ಮ ಸುಲಿದು, ಕುದಿಸಿದ ಶೇಂಗಾದ ಸಿಪ್ಪೆಯಂತೆ ಸುಕ್ಕುಗಟ್ಟಿತ್ತು. ಕೈಗವಸು ನಮ್ಮ ಕಡೆ ಬರುವ ಮೊದಲೇ ದ್ರಾಕ್ಷಿ ಕಡ್ಡಿಗೆ ಪೇಸ್ಟ್ ಹಚ್ಚಿದ ಗುರುತು ಅದು. ಆಯಿ ಅಂದರೆ ಅಜ್ಜಿ, ಆದರೆ ನನಗೆ ಅವರು ಬಂಧುವಲ್ಲ, ಪಕ್ಕದ ಮನೆಯವರು. ಗಡಿಯಾಚೆ, ಮರಾಠಿ ಸೀಮೆಯ ಜತ್ತ ತಾಲೂಕಿನ ನಮ್ಮೂರಲ್ಲಿ ಪೇಸ್ಟ್ ಹಚ್ಚುವ ಕೂಲಿಯವರ ಟೋಳಿಯನ್ನು ನಡೆಸುತ್ತಿದ್ದವರು.

ಡಬ್ಬಿಯ ಮೇಲೆ ಹೈಡ್ರೋಜನ್ ಸಯನಮೈಡ್ ಎಂದು ಬರೆದಿರುತ್ತದೆ. ನಮ್ಮ ಬಾಯಲ್ಲಿ ಬರೀ ಪೇಸ್ಟ್. ಕಡ್ಡಿ ಕತ್ತರಿಸಿದ ಮೇಲೆ ಇದನ್ನು ನೀರಿಗೆ ಬೆರೆಸಿ, ಬಣ್ಣ ಹಾಕಿ, ಮೊಗ್ಗೊಡೆಯುವ ಒಂದೊಂದು ಕಣ್ಣಿಗೂ ಹಚ್ಚಬೇಕು. ನಮ್ಮ ಸೀಮೆಯ ಚಳಿ ದ್ರಾಕ್ಷಿಗೆ ಸಾಲದು. ಹಚ್ಚದಿದ್ದರೆ ತುದಿಯ ಕಣ್ಣು ಒಡೆದು ಉಳಿದವು ಮಲಗಿಯೇ ಇರುತ್ತವೆ. ಹಚ್ಚಿದರೆ ಎಲ್ಲ ಒಟ್ಟಿಗೆ ಚಿಗುರುತ್ತವೆ. ಉಪಕಾರ ದೊಡ್ಡದೇ, ಆದರೆ ಮೈಗೆ ತಾಗಿದರೆ ಸುಡುತ್ತದೆ. ಇನ್ನೂ ಕೆಟ್ಟದ್ದೆಂದರೆ, ಇದು ಮೈಯೊಳಗಿರುವಾಗ ಸೆರೆ, ಅಂದರೆ ಮದ್ಯ, ಹೊಟ್ಟೆಗೆ ಬಿದ್ದರೆ ದೇಹ ಅದನ್ನು ಅರಗಿಸಲಾರದು. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಮನುಷ್ಯ ಕುಸಿಯುತ್ತಾನೆ. ಹಚ್ಚುವ ಮುಂಚೆಯೂ ಆಮೇಲೂ ಕೆಲವು ದಿನ ಕುಡಿಯಲೇಬಾರದು.

ಅದಕ್ಕೇ ಮುಂಜಾನೆ ತೋಟದ ಬಾಯಲ್ಲಿ ಆಯಿ ನಿಂತುಬಿಡುತ್ತಿದ್ದರು. "ಬಾಯಿ ತಗಿ. ಹಾ ಅನ್ನು." ವಾಸನೆ ಬಂದವನಿಗೆ ಅಂದು ಪೇಸ್ಟಿಲ್ಲ, ಕತ್ತರಿಸಿ ಬಿದ್ದ ಕಡ್ಡಿ ಆರಿಸುವ ಕೆಲಸ. ಸ್ವಂತ ಅಳಿಯನನ್ನೂ ಬಿಡಲಿಲ್ಲ. ಅವನು ನಾಚಿ ಮುಖ ತಿರುಗಿಸಿದರೆ, "ಅಳಿಯ ಮನ್ಯಾಗ್ರಿ, ಇಲ್ಲಿ ಅಲ್ಲ. ಬಾಯಿ ತಗೀರಿ!" ಎಂದರು. ಕೆಲಸ ಮುಗಿದಾಗ ತೋಟದ ಸಾವ್ಕಾರರು ಖುಷಿಗೆ ಬಾಟಲಿ ಕೊಡುವುದು ವಾಡಿಕೆ. ಆಯಿ ಸಿಡುಕುತ್ತಿದ್ದರು: "ಮಾದ್ಲಿ ಮಾಡಸ್ರಿ, ತಿಂತೀವಿ. ಕೈ ತೊಳದ್ರ ಕೈ ಅಷ್ಟ ಸ್ವಚ್ಛ ಆಗ್ತೈತಿ. ಮೈಯಾಗಿಂದು ಯಾರು ತೊಳೀತಾರ?"

ಅಂಥ ಆಯಿ ಒಂದು ಸಂಜೆ ಕೆಲಸದಿಂದ ಬಂದು, ಊಟಕ್ಕೆ ಮುಂಚೆ ಕಟ್ಟೆಯ ಮೇಲೆ ಕುಸಿದರು. ಮುಖವೆಲ್ಲ ಕೆಂಪು. "ಎದಿ ಬಡಕೊಳ್ಳಾಕತ್ತೈತವ್ವಾ" ಎನ್ನುತ್ತ ನನ್ನ ಕೈ ಹಿಡಿದರು. ಅಳಿಯನೂ ನಾನೂ ಅವರನ್ನು ದವಾಖಾನೆಗೆ ಒಯ್ದೆವು. ಪೇಸ್ಟಿನ ಮಾತು ಕೇಳುತ್ತಲೇ ಡಾಕ್ಟರು ಮರಾಠಿಯಲ್ಲಿ, "ದಾರೂ ಘೇತಲೀ ಕಾ, ಆಜೀ?" ಎಂದುಬಿಟ್ಟರು. ಕುಡಿದಿರಾ ಎಂದು! ಅಮಾವಾಸ್ಯೆ ತಪ್ಪದೆ ಗುಡ್ಡಾಪುರದ ದಾನಮ್ಮನ ಗುಡಿಗೆ ಹೋಗುವ ಜೀವ. ಕೊರಳ ಲಿಂಗ ಹಿಡಿದುಕೊಂಡು ಅತ್ತರು. ನನಗೆ ಡಾಕ್ಟರ ಮೇಲೆ ಸಿಟ್ಟೇ ಬಂತು.

ಡಾಕ್ಟರು ಮಾತ್ರ ಬಿಡದೆ, ಬೇರೆ ಏನು ಕುಡಿದರೆಂದು ಕೇಳಿದರು. ಹಸಿವೆಗೆಂದು ಆಯಿ ಅಂದೇ ಮೊದಲ ಸಲ ಕುಡಿದಿದ್ದ ಕಾಢಾದ, ಅಂದರೆ ಕಷಾಯದ, ಬಾಟಲಿಯನ್ನು ಅಳಿಯ ಮನೆಯಿಂದ ತಂದ. ಹುದುಗು ಬರಿಸಿ ಮಾಡಿದ ಅರಿಷ್ಟ ಅದು. ಅದರೊಳಗೆ ತಾನಾಗಿ ಹುಟ್ಟಿದ ಮದ್ಯ ಇರುತ್ತದೆಂದು ಡಾಕ್ಟರು ಬಾಟಲಿಯ ಮೇಲಿನ ಚೀಟಿ ತೋರಿಸಿ ಹೇಳಿದರು. ಆಯಿಗೆ ಇದು ಹೊಸದು, ನಮಗೂ ಹೊಸದು.

ಚೇತರಿಸಿಕೊಂಡು ಮನೆಗೆ ಬರುವಾಗ ನಾನೆಂದೆ: "ಆಯಿ, ಪಿತ್ತ ಆಗಿತ್ತು ಅಂತ ಹೇಳೂಣ್ರಿ. ಊರ ಬಾಯಿ ಭಾಳ ಕೆಟ್ಟದ್ದು."

ಆಯಿ ನನ್ನನ್ನೇ ನೋಡಿದರು. ನಾನಾಗ ಬಾಣಂತನ ಮುಗಿಸಿ, ಮುಂದಿನ ತೋಟಕ್ಕೆ ಟೋಳಿಯೊಡನೆ ಹೊರಡುವವಳಿದ್ದೆ.

"ನಿಮ್ಮತ್ತಿ ದಿನಾ ಸಂಜಿಕ ನಿನಗೇನ್ ಕುಡಸ್ತಾಳ?"

"ಬಾಣಂತಿ ಕಾಢಾ" ಎಂದೆ. ಅದೂ ಅಂಥದೇ ಬಾಟಲಿಯ ಅರಿಷ್ಟ.

"ಮತ್ತ? ನನ್ನ ಮಾನ ಉಳಸಾಕ ನಿನ್ನ ಕೂಸಿನ್ನ ತಬ್ಬಲಿ ಮಾಡ್ಲೇನು?"

ಮುಂದಿನ ತೋಟದಲ್ಲಿ ಟೋಳಿಯ ಎದುರು ನಿಂತು ಗಟ್ಟಿಯಾಗಿ ಹೇಳಿದರು: "ಕೇಳ್ರಿ, ನಾ ಕುಡದಿದ್ದೆ. ಕಾಢಾ ಅಂತ ಕುಡದೆ, ಒಳಗ ಸೆರಿ ಇತ್ತು. ನಿಮ್ಮನ್ಯಾಗೂ ಐತಿ. ಪೇಸ್ಟ್ ಹಚ್ಚೋ ದಿನದಾಗ ಮುಟ್ಟಬ್ಯಾಡ್ರಿ." ಯಾರೋ ಒಬ್ಬ ಕಿಸಕ್ಕೆಂದ. ಹೆಂಗಸರು ಮುಖ ಮುಖ ನೋಡಿಕೊಂಡರು. ಅಂದಿನಿಂದ ಬೆನ್ನ ಹಿಂದೆ ಅವರು 'ಕುಡುಕಿ ಆಯಿ' ಆದರು. ದಾಸೋಹದ ಪಂಕ್ತಿಯಲ್ಲಿ ಒಬ್ಬಾಕೆ ಪಕ್ಕದಿಂದ ಎದ್ದು ಹೋದದ್ದನ್ನು ನಾನೇ ಕಂಡಿದ್ದೇನೆ. ಆಯಿಗೆ ನೋವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೂ ಪ್ರತಿ ಹಂಗಾಮಿನಲ್ಲೂ ಮೊದಲ ದಿನ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಿದ್ದರು.

ಹೋದ ವರ್ಷ ಆಯಿ ತೀರಿಕೊಂಡರು, ವಯಸ್ಸಾಗಿತ್ತು. ವಿಭೂತಿ ಹಚ್ಚಿ, ಹೂ ಹಾಕಿ ಕೂರಿಸಿದ್ದರು. ಮಣ್ಣಿಗೆ ಬಂದಿದ್ದ ದೂರದ ಊರಿನ ಹೆಂಗಸೊಬ್ಬಳು ನನ್ನ ಕಿವಿಯ ಹತ್ತಿರ ಬಂದು, "ಹೌದೇನವ್ವಾ, ಈ ಮುದುಕಿ ಕುಡೀತಿದ್ಲಂತ?" ಎಂದಳು.

ಅಂದಿನ ಕೂಸು, ನನ್ನ ಮಗ, ಪಕ್ಕದಲ್ಲೇ ನಿಂತಿದ್ದ. ಎಲ್ಲರಿಗೂ ಕೇಳುವಂತೆ ಹೇಳಿದೆ: "ಒಮ್ಮೆ ಕುಡದಿದ್ರು. ಅದನ್ನ ಮುಚ್ಚಿಟ್ಟಿದ್ರ ಇವತ್ತ ಇವಗ ತಾಯಿ ಇರ್ತಿರಲಿಲ್ಲ."